ಸ್ಕ್ವಾಟ್‌ಗೆ ಆಪ್ ಕೊಡುವುದು 60 ಸೆಕೆಂಡ್ ವಿಶ್ರಾಂತಿ. ಹತ್ತು ರೆಪ್ ನಾಲ್ಕಕ್ಕೆ ಇಳಿಯುತ್ತಿದೆ. ತಪ್ಪು ನನ್ನದೋ ಆಪ್‌ನದೋ?

ಲೆಕ್ಕದ ಮೇಡಂ, ಹಾಸನ

ನನಗೆ 43 ವರ್ಷ. ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಒಂಬತ್ತು ತಿಂಗಳಿಂದ ಬೆಳಿಗ್ಗೆ 5.45ಕ್ಕೆ ಜಿಮ್‌ಗೆ ಹೋಗುತ್ತಿದ್ದೇನೆ. ಮೊದಲು ಟ್ರೆಡ್‌ಮಿಲ್ ಮೇಲೆ ನಡೆದು ನಡೆದು ಬೇಸರ ಬಂದು, ಈಗ ನಾಲ್ಕು ತಿಂಗಳಿಂದ ರಾಡ್ ಹಿಡಿದಿದ್ದೇನೆ. ಸ್ಕ್ವಾಟ್ (ಹೆಗಲ ಮೇಲೆ ರಾಡ್ ಹೊತ್ತು ಕುಳಿತೇಳುವುದು), ಬೆಂಚ್ ಪ್ರೆಸ್ (ಮಲಗಿ ಎದೆಯ ಮೇಲಿಂದ ರಾಡ್ ಒತ್ತುವುದು), ಡೆಡ್‌ಲಿಫ್ಟ್ (ನೆಲದಿಂದ ರಾಡ್ ಎತ್ತುವುದು), ಕೊನೆಗೆ ಸಮಯವಿದ್ದರೆ ತೋಳಿನ ಬೈಸೆಪ್ಸ್. ಹೆಸರು ಹೇಳುವುದಿಲ್ಲ, ಒಂದು ಆಪ್ ಹಾಕಿಕೊಂಡಿದ್ದೇನೆ. ಅದು ಹೇಳಿದಂತೆ ಕೇಳುತ್ತೇನೆ, ಏಕೆಂದರೆ ನನ್ನ ವಿದ್ಯಾರ್ಥಿಗಳು ನಾನು ಹೇಳಿದಂತೆ ಕೇಳಬೇಕು ಎಂದು ಬಯಸುವವಳು ನಾನು.

ಆಪ್‌ನ ಪ್ರಕಾರ ಎಲ್ಲದಕ್ಕೂ 3 ಸೆಟ್ (ಅಂದರೆ ಸುತ್ತು), ಸುತ್ತಿಗೆ 10 ರೆಪ್ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್), ಸುತ್ತುಗಳ ನಡುವೆ 60 ಸೆಕೆಂಡ್ ವಿಶ್ರಾಂತಿ. ಸ್ಕ್ವಾಟ್‌ಗೂ ಅಷ್ಟೇ, ಬೈಸೆಪ್ಸ್‌ಗೂ ಅಷ್ಟೇ. ನನ್ನ ನೋಟ್‌ಬುಕ್‌ನಿಂದ (ಆಪ್ ಇದ್ದರೂ ನೋಟ್‌ಬುಕ್ ಇಟ್ಟಿದ್ದೇನೆ) 45 ಕಿಲೋ ಸ್ಕ್ವಾಟ್‌ನ ಕಳೆದ ಮೂರು ವಾರಗಳ ಅಂಕಿ ಬರೆಯುತ್ತೇನೆ: 10, 7, 4. ನಂತರ 10, 7, 5. ನಂತರ 10, 6, 4. ಪ್ರತಿ ಸಲವೂ ಆಪ್ ಎರಡನೆಯ ಮತ್ತು ಮೂರನೆಯ ಸೆಟ್‌ಗಳನ್ನು ಕೆಂಪಾಗಿಸಿ "ಗುರಿ ತಲುಪಿಲ್ಲ" ಎನ್ನುತ್ತದೆ. ಅನುತ್ತೀರ್ಣಳಾಗುವ ಅಭ್ಯಾಸ ನನಗಿಲ್ಲ.

ಕಳೆದ ಗುರುವಾರ ಒಂದು ಘಟನೆ ನಡೆಯಿತು. ಮೊದಲ ಸೆಟ್ ಮುಗಿಸಿ ನಿಂತಿದ್ದಾಗ ಅತ್ತೆಯವರ ಕರೆ ಬಂತು. ಕಾಫಿ ಪುಡಿಯ ಡಬ್ಬ ಕಾಣುತ್ತಿಲ್ಲ. ಮೇಲಿನ ಕಪಾಟು, ಎಡಗಡೆ, ಅಲ್ಲ, ಸಕ್ಕರೆ ಡಬ್ಬದ ಹಿಂದೆ, ಅದೂ ಅಲ್ಲ, ನಿನ್ನೆ ನೀವೇ ತಂದ ಹೊಸ ಪೊಟ್ಟಣ ಎಂದು ಹೇಳಿ ಮುಗಿಸುವ ಹೊತ್ತಿಗೆ ನಾಲ್ಕು ನಿಮಿಷ ಕಳೆದಿತ್ತು. ಎರಡನೆಯ ಸೆಟ್‌ನಲ್ಲಿ ಹತ್ತು ರೆಪ್ ಆರಾಮವಾಗಿ ಬಂದವು. ಕುತೂಹಲಕ್ಕೆ ಮೂರನೆಯದಕ್ಕೂ ನಾಲ್ಕು ನಿಮಿಷ ಕಾದೆ. ಒಂಬತ್ತು ಬಂತು.

ಲೆಕ್ಕ ಹಾಕಿದೆ. ಹಳೆಯ ರೀತಿಯಲ್ಲಿ 21 ರೆಪ್, ಅಂದರೆ ಒಟ್ಟು 945 ಕಿಲೋ. ಕಾಫಿ ಪುಡಿಯ ದಿನ 29 ರೆಪ್, 1,305 ಕಿಲೋ. ಅದೇ ಕಾಲು, ಅದೇ ರಾಡ್, 360 ಕಿಲೋ ಹೆಚ್ಚು. ಆದರೆ ಆಪ್ ಹಿಂದಿನ ವಾರಕ್ಕೆ "ತೀವ್ರತೆ 92" ಎಂದು ಕೊಟ್ಟದ್ದು, ಈ ದಿನಕ್ಕೆ 61 ಕೊಟ್ಟು, "ವಿಶ್ರಾಂತಿ ಕಡಿಮೆ ಮಾಡಿ" ಎಂದು ಬುದ್ಧಿ ಹೇಳಿತು.

ನನ್ನ ಪ್ರಶ್ನೆಗಳು ಮೂರು. ದೊಡ್ಡ ಲಿಫ್ಟ್‌ಗಳಿಗೆ ನಿಜವಾಗಿ ಎಷ್ಟು ಹೊತ್ತು ಕಾಯಬೇಕು? ಹತ್ತೇ ರೆಪ್ ಏಕೆ, ಆರು ಅಥವಾ ಹದಿನೈದು ಏಕಲ್ಲ? ಮೂರನೆಯದು ಸ್ವಲ್ಪ ಮುಜುಗರದ್ದು: ನಮ್ಮ ಜಿಮ್‌ನಲ್ಲಿ ಸ್ಕ್ವಾಟ್ ರ‍್ಯಾಕ್ (ರಾಡ್ ಇಡುವ ಚೌಕಟ್ಟು) ಒಂದೇ ಇದೆ. ನಾನು ನಾಲ್ಕು ನಿಮಿಷ ಸುಮ್ಮನೆ ನಿಂತರೆ ಹಿಂದೆ ಕಾಯುವ ಹುಡುಗರ ಮುಖ ನೋಡುವುದು ಹೇಗೆ?

ಹಳೇ ಲಿಫ್ಟರ್, ಕುಂದಾಪುರ

ಟೀಚರೇ, ತಪ್ಪು ಆಪ್‌ನದು. ನಿಮ್ಮ ಅತ್ತೆಯವರೇ ಒಳ್ಳೆಯ ಕೋಚ್.

ಭಾರ ಎತ್ತುವ ಆ ಅರ್ಧ ನಿಮಿಷದಲ್ಲಿ ಸ್ನಾಯು ಮೊದಲು ಉರಿಸುವುದು ತನ್ನೊಳಗೇ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟ್ ಎಂಬ ತ್ವರಿತ ಇಂಧನವನ್ನು. ಅದು ಖಾಲಿಯಾದ ಮೇಲೆ ಸರಿಸುಮಾರು ಅರ್ಧ ಭಾಗ ಮೊದಲ ಅರ್ಧ ನಿಮಿಷದಲ್ಲೇ ತುಂಬುತ್ತದೆ. ಉಳಿದ ಅರ್ಧ ತುಂಬಲು ಮೂರರಿಂದ ಐದು ನಿಮಿಷ ಬೇಕು. ಬಾವಿಯಲ್ಲಿ ನೀರು ಸೇದಿದಂತೆ: ಊಟೆ ಬರುವ ಮೊದಲೇ ಮತ್ತೆ ಕೊಡ ಇಳಿಸಿದರೆ ಕೆಸರು ಬರುತ್ತದೆ. ಬೈಸೆಪ್ಸ್‌ನಲ್ಲಿ ದಣಿಯುವುದು ಒಂದು ಅಂಗೈ ಅಗಲದ ಸ್ನಾಯು. ಸ್ಕ್ವಾಟ್‌ನಲ್ಲಿ ತೊಡೆ, ಪೃಷ್ಠ, ಬೆನ್ನು, ಹೊಟ್ಟೆ ಎಲ್ಲವೂ ದಣಿಯುತ್ತವೆ, ಅವೆಲ್ಲಕ್ಕೂ ಗಾಳಿ ಒದಗಿಸುವ ಎದೆಯೂ ದಣಿಯುತ್ತದೆ. ಎರಡಕ್ಕೂ ಒಂದೇ ಗಡಿಯಾರ ಇಟ್ಟವನು ರಾಡ್ ಕೆಳಗೆ ಎಂದೂ ನಿಂತವನಲ್ಲ.

ನಾನು ಹುಡುಗರಿಗೆ ಹೇಳುವುದು ಹೀಗೆ. ಸ್ಕ್ವಾಟ್, ಡೆಡ್‌ಲಿಫ್ಟ್‌ಗೆ ಮೂರು ನಿಮಿಷ. ಐದು ರೆಪ್‌ಗಿಂತ ಕಡಿಮೆ ಬರುವ ಭಾರವಾದರೆ ಐದು. ಬೆಂಚ್‌ಗೆ ಎರಡೂವರೆ, ಮೂರು. ಬೈಸೆಪ್ಸ್, ಭುಜದ ಸಣ್ಣಪುಟ್ಟವಕ್ಕೆ ಒಂದರಿಂದ ಒಂದೂವರೆ. ಗಡಿಯಾರ ಇಲ್ಲದಿದ್ದರೆ, ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡಲು ಸಾಧ್ಯವಾದ ಮೇಲೆ ಇನ್ನೂ ಒಂದು ನಿಮಿಷ.

ಸ್ಪರ್ಧೆಯ ನಿಯಮ ನೋಡಿ. ವೇಟ್‌ಲಿಫ್ಟಿಂಗ್ ವೇದಿಕೆಗೆ ಕರೆದ ಮೇಲೆ ಲಿಫ್ಟರ್‌ಗೆ ಒಂದು ನಿಮಿಷ ಕೊಡುತ್ತಾರೆ. ಆದರೆ ಈಗಷ್ಟೇ ಎತ್ತಿದವನೇ ಮತ್ತೆ ಎತ್ತಬೇಕಾಗಿ ಬಂದರೆ ಎರಡು ನಿಮಿಷ. ಆ ಎರಡೂ ಸಾಲದೆ, ಕೋಚ್‌ಗಳು ಮುಂದಿನ ಭಾರವನ್ನು ಒಂದು ಕಿಲೋ ಏರಿಸಿ, ಇನ್ನೊಬ್ಬನನ್ನು ನಡುವೆ ತೂರಿಸಿ, ತಮ್ಮವನಿಗೆ ಉಸಿರು ಗಿಟ್ಟಿಸಿಕೊಡುತ್ತಾರೆ. ಅದೂ ಒಂದೇ ಒಂದು ರೆಪ್‌ಗೆ! ನಮ್ಮ ಕಡೆಯ ಗುರುರಾಜ್ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ತಂದದ್ದನ್ನು ಟಿವಿಯಲ್ಲಿ ನೋಡಿದವರಿಗೆ, ಎತ್ತುವ ಕ್ಷಣಕ್ಕಿಂತ ಕಾಯುವ ಹೊತ್ತೇ ಎಷ್ಟು ಉದ್ದ ಎಂಬುದು ಗೊತ್ತು.

ಮುಜುಗರದ ಮದ್ದು: ಹಿಂದೆ ಕಾಯುವ ಹುಡುಗನನ್ನು ಕರೆದು ನಿಮ್ಮ ವಿಶ್ರಾಂತಿಯಲ್ಲಿ ಅವನು ಎತ್ತಲಿ ಎನ್ನಿ. ಪ್ಲೇಟ್ (ರಾಡ್‌ಗೆ ತೂರಿಸುವ ಭಾರದ ಬಿಲ್ಲೆ) ಬದಲಿಸಿ, ಅವನು ಎತ್ತಿ, ಮತ್ತೆ ಪ್ಲೇಟ್ ಬದಲಿಸುವ ಹೊತ್ತಿಗೆ ಮೂರು ನಿಮಿಷ ತಾನಾಗಿ ಆಗುತ್ತದೆ. ನಾವು ಕಲಿಯುವಾಗ ಟೈಮರ್ ಇರಲಿಲ್ಲ, ಒಂದು ರಾಡ್‌ಗೆ ನಾಲ್ಕು ಜನ ಇದ್ದೆವು.

ಇನ್ನೊಂದು ಮಾತು. ನಿಮ್ಮ ಜಿಮ್‌ನ ರಾಡ್ ತೂಗಿ ನೋಡಿದ್ದೀರಾ?

ಗರಡಿ ಹುಡುಗ, ಮೈಸೂರು

ಯಾರೂ ತಪ್ಪು ತಿಳಿಯಬಾರದು. ನಮ್ಮ ಗರಡಿಯಲ್ಲಿ ಉಸ್ತಾದರು ಬಸ್ಕಿ ಹೊಡೆಸುವಾಗ ಉಸಿರು ತಿರುಗುವಷ್ಟರಲ್ಲಿ ಮುಂದಿನದು ಶುರುವಾಗುತ್ತದೆ. ನೂರು, ಇನ್ನೂರು, ಯಾರೂ ಮೊಬೈಲ್ ನೋಡುವುದಿಲ್ಲ. ನಾಲ್ಕು ನಿಮಿಷ ನಿಂತರೆ ಮೈ ಆರಿಹೋಗುತ್ತದೆ. ಬೆವರು ಆರಿದ ಮೇಲೆ ಅದು ಸಾಮು ಹೇಗಾದೀತು? 60 ಸೆಕೆಂಡೇ ಹೆಚ್ಚು ಎಂದು ನನ್ನ ಅಭಿಪ್ರಾಯ.

ಲೆಕ್ಕದ ಮೇಡಂ, ಹಾಸನ

ತಪ್ಪೇನೂ ತಿಳಿಯುವುದಿಲ್ಲ ತಮ್ಮಾ. ಆದರೆ ನಿಮ್ಮ ಬಸ್ಕಿಯಲ್ಲಿ ಭಾರ ಬದಲಾಗುವುದಿಲ್ಲ, ಸಂಖ್ಯೆ ಏರುತ್ತದೆ. ನನ್ನದರಲ್ಲಿ ಸಂಖ್ಯೆ ಅಷ್ಟೇ ಇದ್ದು ಭಾರ ಏರಬೇಕು. ಕುಸ್ತಿಯಲ್ಲಿ ಎದುರಾಳಿ ನಿಮಗೆ ಮೂರು ನಿಮಿಷ ಬಿಡುವು ಕೊಡುವುದಿಲ್ಲವಾದ್ದರಿಂದ ನಿಮ್ಮ ಉಸ್ತಾದರು ಮಾಡಿಸುವುದು ನಿಮಗೆ ಸರಿ. ನನಗೆ ಎದುರಾಳಿ ಇಲ್ಲ, ಅಡುಗೆಮನೆಯಲ್ಲಿ 26 ಕಿಲೋ ಅಕ್ಕಿ ಮೂಟೆ ಇದೆ. ಅದನ್ನು ನೆಲದಿಂದ ಎತ್ತುವುದು ದಿನಕ್ಕೆ ಒಂದೇ ರೆಪ್.

ಬಸ್ಕಿ ನಾನೂ ಹೊಡೆಸಿದ್ದೇನೆ, ಹೋಂವರ್ಕ್ ತಾರದವರಿಗೆ. ಈಗ ಬಿಟ್ಟಿದ್ದೇನೆ.

ಕೋಡ್ ಬರೆಯುವವ, ಬೆಂಗಳೂರು

ಮೇಡಂ, ಎರಡು ವರ್ಷ ಇಂಥದೇ ಒಂದು ಆಪ್‌ಗೆ ಕೋಡ್ ಬರೆದವನು ನಾನು, ನೀವು ಬಳಸುವುದು ಅದೇ ಅಲ್ಲದಿರಲಿ ಎಂದು ಹಾರೈಸುತ್ತೇನೆ. ಆ 60 ಸೆಕೆಂಡ್ ಎಲ್ಲಿಂದ ಬರುತ್ತದೆ ಎಂದು ಹೇಳುತ್ತೇನೆ. ಖಾತೆ ತೆರೆಯುವಾಗ "ನಿಮ್ಮ ಗುರಿ ಏನು" ಎಂದು ಕೇಳಿರುತ್ತದೆ. ಶಕ್ತಿ ಎಂದು ಒತ್ತಿದರೆ 1ರಿಂದ 5 ರೆಪ್, 3ರಿಂದ 5 ನಿಮಿಷ. ಮೈಕಟ್ಟು ಎಂದರೆ 8ರಿಂದ 12 ರೆಪ್, 60ರಿಂದ 90 ಸೆಕೆಂಡ್. ಸಹನಶಕ್ತಿ ಅಥವಾ ತೂಕ ಇಳಿಕೆ ಎಂದರೆ 15ರ ಮೇಲೆ, 30 ಸೆಕೆಂಡ್. ಮೂರು ಸಾಲಿನ ಪಟ್ಟಿ. ಅದು ಗುರಿಯನ್ನು ನೋಡುತ್ತದೆ, ವ್ಯಾಯಾಮವನ್ನು ನೋಡುವುದಿಲ್ಲ. ನೀವು ಮೈಕಟ್ಟು ಒತ್ತಿರಬೇಕು.

ಮೈಕಟ್ಟಿಗೆ ಕಡಿಮೆ ವಿಶ್ರಾಂತಿ ಎಂಬ ನಂಬಿಕೆಗೂ ಒಂದು ಇತಿಹಾಸ ಇದೆ. ಹತ್ತು ರೆಪ್, ಒಂದು ನಿಮಿಷ ವಿಶ್ರಾಂತಿ ಕೊಟ್ಟಾಗ ರಕ್ತದಲ್ಲಿ ಬೆಳವಣಿಗೆಯ ಹಾರ್ಮೋನ್ ಜೋರಾಗಿ ಏರುತ್ತದೆ ಎಂದು 1990ರ ಸುಮಾರಿಗೆ ಅಮೆರಿಕದಲ್ಲಿ ಅಳೆದು ತೋರಿಸಿದರು. ಹಾರ್ಮೋನ್ ಏರಿದರೆ ಸ್ನಾಯುವೂ ಬೆಳೆಯಲೇಬೇಕು ಎಂದು ಎಲ್ಲರೂ ಅಂದುಕೊಂಡರು. ಸ್ವಲ್ಪ ಹೊತ್ತಿನ ಆ ಏರಿಕೆಗೂ ತಿಂಗಳುಗಳ ಬೆಳವಣಿಗೆಗೂ ಹೇಳಿಕೊಳ್ಳುವ ನಂಟಿಲ್ಲ ಎಂದು ನಂತರದ ಪ್ರಯೋಗಗಳು ತೋರಿಸಿದವು. 2016ರಲ್ಲಿ ವ್ಯಾಯಾಮ ಸಂಶೋಧಕ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು ಈಗಾಗಲೇ ಭಾರ ಎತ್ತುತ್ತಿದ್ದ 21 ಯುವಕರನ್ನು ಎರಡು ಗುಂಪು ಮಾಡಿ, ಎಂಟು ವಾರ ಒಂದೇ ವ್ಯಾಯಾಮ ಮಾಡಿಸಿದರು. ಒಂದು ಗುಂಪಿಗೆ 1 ನಿಮಿಷ, ಇನ್ನೊಂದಕ್ಕೆ 3. ಮೂರು ನಿಮಿಷದವರ ಸ್ಕ್ವಾಟ್, ಬೆಂಚ್ ಎರಡೂ ಹೆಚ್ಚು ಏರಿದವು, ತೊಡೆಯೂ ಹೆಚ್ಚು ದಪ್ಪವಾಯಿತು. ಯುವಕರು ಮಾತ್ರ, ಸಣ್ಣ ಗುಂಪು, ಒಪ್ಪುತ್ತೇನೆ. ಆದರೆ ನಿಮ್ಮ 945 ಮತ್ತು 1,305 ಹೇಳುತ್ತಿರುವುದೂ ಅದನ್ನೇ.

ರೆಪ್ ಬಗ್ಗೆಯೂ ಅವರದೇ 2014ರ ಒಂದು ಪ್ರಯೋಗ ನನಗೆ ಇಷ್ಟ. ಒಂದು ಗುಂಪು 3 ರೆಪ್‌ನ ಭಾರದಲ್ಲಿ (ಮೂರೇ ಸಲ ಎತ್ತಲು ಆಗುವಷ್ಟು) 7 ಸೆಟ್, ಇನ್ನೊಂದು 10 ರೆಪ್‌ನ ಭಾರದಲ್ಲಿ 3 ಸೆಟ್. ತೋಳಿನ ದಪ್ಪ ಹೆಚ್ಚುಕಡಿಮೆ ಸಮಾನವಾಗಿ ಬೆಳೆಯಿತು, ಬೆಂಚ್‌ನಲ್ಲಿ ಶಕ್ತಿ ಮೊದಲ ಗುಂಪಿಗೆ ಹೆಚ್ಚು ಬಂತು. ಆದರೆ ಎರಡನೆಯ ಗುಂಪು ಸುಮಾರು 17 ನಿಮಿಷದಲ್ಲಿ ಮುಗಿಸಿದ್ದನ್ನು ಮುಗಿಸಲು ಮೊದಲ ಗುಂಪಿಗೆ ಸುಮಾರು 70 ನಿಮಿಷ ಬೇಕಾಯಿತು. ಹಾಗಾಗಿ ಹತ್ತು ರೆಪ್‌ನಲ್ಲಿ ಮಂತ್ರವೇನೂ ಇಲ್ಲ. ಸಮಯ ಉಳಿಯುತ್ತದೆ, ಅಷ್ಟೇ.

ಮಾಡಬೇಕಾದ್ದು: ಹೆಚ್ಚಿನ ಆಪ್‌ಗಳಲ್ಲಿ ವ್ಯಾಯಾಮದ ಹೆಸರಿನ ಮೇಲೆ ಒತ್ತಿದರೆ ಅದೊಂದಕ್ಕೇ ಬೇರೆ ಟೈಮರ್ ಇಡಬಹುದು. ನಿಮ್ಮ ಮೂರು ದೊಡ್ಡ ಲಿಫ್ಟ್‌ಗಳಿಗೂ 180 ಸೆಕೆಂಡ್ ಎಂದು ಹಾಕಿ. ಪರದೆ ಆರಿದ ಮೇಲೆ ಗಂಟೆ ಹೊಡೆಯದಿದ್ದರೆ ಅದು ಆಪ್‌ನ ತಪ್ಪಲ್ಲ, ಫೋನ್ ಬ್ಯಾಟರಿ ಉಳಿಸಲು ಅದನ್ನು ಮಲಗಿಸಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ. ತೀವ್ರತೆಯ ಅಂಕವನ್ನು ಆಫ್ ಮಾಡಲು ಬಂದರೆ ಆಫ್ ಮಾಡಿಬಿಡಿ. ಅಂಥದ್ದೊಂದನ್ನು ನಾನೂ ಬರೆದಿದ್ದೆ. ಒಟ್ಟು ರೆಪ್ ಭಾಗಿಸು ಒಟ್ಟು ನಿಮಿಷ. ಒಂದು ಮಧ್ಯಾಹ್ನದ ಕೆಲಸ.

ಫಿಸಿಯೊ, ಧಾರವಾಡ

"3 ಸೆಟ್, 10 ರೆಪ್" ಹುಟ್ಟಿದ್ದು ಜಿಮ್‌ನಲ್ಲಿ ಅಲ್ಲ, ಆಸ್ಪತ್ರೆಯಲ್ಲಿ. ಎರಡನೆಯ ಮಹಾಯುದ್ಧದ ಕಾಲಕ್ಕೆ ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೇನಾ ವೈದ್ಯರು ಗಾಯಗೊಂಡ ಸೈನಿಕರಿಗೆ ಭಾರ ಎತ್ತಿಸಿ ಮಂಡಿ ಬಲಪಡಿಸುತ್ತಿದ್ದರು. 1945ರಲ್ಲಿ ಅದನ್ನು ಪ್ರಕಟಿಸಿದಾಗ ಅವರು ಹೇಳಿದ್ದು 7ರಿಂದ 10 ಸೆಟ್. ಅಷ್ಟು ಬೇಕಿಲ್ಲ ಎಂದು ಕಂಡುಕೊಂಡು 1948ರಲ್ಲಿ ಸಂಗಡಿಗ ವಾಟ್ಕಿನ್ಸ್ ಜೊತೆ ಸೇರಿ ಮೂರಕ್ಕೆ ಇಳಿಸಿದರು. ಆದರೆ ಗಮನಿಸಿ: ಮೊದಲ ಸೆಟ್ ಅರ್ಧ ಭಾರದಲ್ಲಿ, ಎರಡನೆಯದು ಮುಕ್ಕಾಲು ಭಾರದಲ್ಲಿ, ಮೂರನೆಯದು ಮಾತ್ರ ಪೂರ್ತಿ ಭಾರದಲ್ಲಿ. ನಿಮ್ಮ ಆಪ್ ಮೂರನ್ನೂ ಪೂರ್ತಿ ಭಾರದಲ್ಲಿ, ಒಂದೊಂದೇ ನಿಮಿಷದ ಅಂತರದಲ್ಲಿ ಕೇಳುತ್ತಿದೆ. ಸಂಖ್ಯೆ ಉಳಿಯಿತು, ಅದರ ಅರ್ಥ ದಾರಿಯಲ್ಲೆಲ್ಲೋ ಬಿದ್ದುಹೋಯಿತು.

ನನ್ನ ಬಳಿ ಬರುವ ನಲವತ್ತು ದಾಟಿದ ಮಹಿಳೆಯರಿಗೆ ದೊಡ್ಡ ಲಿಫ್ಟ್‌ಗಳಲ್ಲಿ 6ರಿಂದ 10ರ ನಡುವೆ ಇರಿ ಎನ್ನುತ್ತೇನೆ. ಹದಿನೈದು ರೆಪ್ ಸ್ಕ್ವಾಟ್‌ನಲ್ಲಿ ಕಾಲಿಗಿಂತ ಮೊದಲು ಉಸಿರು ಸೋಲುತ್ತದೆ, ಕೊನೆಯ ನಾಲ್ಕರಲ್ಲಿ ಬೆನ್ನು ಬಾಗುತ್ತದೆ. ಇನ್ನೆರಡು ರೆಪ್ ಬರುತ್ತಿತ್ತು ಎನ್ನುವಾಗ ನಿಲ್ಲಿಸಿ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಉಸಿರು ಬಿಗಿಹಿಡಿದು ಎತ್ತುವ ಮೊದಲು ನಿಮ್ಮ ವೈದ್ಯರನ್ನು ಕೇಳಿ.

ಲೆಕ್ಕದ ಮೇಡಂ, ಹಾಸನ

ಎಲ್ಲರಿಗೂ ಧನ್ಯವಾದ. ರಕ್ತದೊತ್ತಡ ಇಲ್ಲ. ಹೌದು, ನಾನು ಮೈಕಟ್ಟು ಎಂದೇ ಒತ್ತಿದ್ದೆ. ಶಕ್ತಿ ಎಂದು ಒತ್ತಲು ಆಗ ಧೈರ್ಯ ಬರಲಿಲ್ಲ.

ಸಮಯ ಸಾಲುವುದಿಲ್ಲ ಎಂಬ ನನ್ನ ಭಯವನ್ನು ಮೊದಲು ಲೆಕ್ಕಕ್ಕೆ ಹಾಕಿದೆ. ಮೂರು ಲಿಫ್ಟ್, ಮೂರು ಸೆಟ್. ನಡುವಿನ ವಿಶ್ರಾಂತಿ ಆರು ಮಾತ್ರ. ಆರು ಗುಣಿಸು ಮೂರು, 18 ನಿಮಿಷ. ಎತ್ತುವುದಕ್ಕೆ ಏಳೆಂಟು ನಿಮಿಷ, ಹಗುರ ಭಾರದಲ್ಲಿ ಮೈ ಬೆಚ್ಚಗಾಗಿಸುವುದಕ್ಕೂ ಪ್ಲೇಟ್ ಬದಲಿಸುವುದಕ್ಕೂ 20. ಒಟ್ಟು 45ರ ಆಸುಪಾಸು. ಒಂದು ಪೀರಿಯಡ್. ಇಷ್ಟು ದಿನ ಉಳಿಸುತ್ತಿದ್ದ ಸಮಯವನ್ನು ಏನು ಮಾಡುತ್ತಿದ್ದೆನೋ ತಿಳಿಯದು.

ರೆಪ್‌ನ ವಿಷಯದಲ್ಲಿ ನನಗೊಂದು ಹೊಸ ವಿಚಾರ ಸಿಕ್ಕಿತು, ತಪ್ಪಿದ್ದರೆ ತಿದ್ದಿ. ನಮ್ಮ ಜಿಮ್‌ನ ಅತಿ ಸಣ್ಣ ಪ್ಲೇಟ್ ಎರಡೂವರೆ ಕಿಲೋ. ಎರಡು ಕಡೆ ಸೇರಿ ಏರಿಕೆ 5 ಕಿಲೋ, ಅದಕ್ಕಿಂತ ಕಡಿಮೆ ಏರಿಸಲು ಆಗದು. ಒಂದೇ ರೆಪ್‌ನಲ್ಲಿ ಎತ್ತಬಲ್ಲ ಗರಿಷ್ಠ ಭಾರ ಅಂದಾಜಿಸುವ ಎಪ್ಲೆಯ ಸೂತ್ರ ಇದೆಯಲ್ಲ: ಭಾರ ಗುಣಿಸು (1 ಕೂಡಿಸು ರೆಪ್ ಭಾಗಿಸು 30). ಹೊಸ ಭಾರದಲ್ಲಿ ಕನಿಷ್ಠ 6 ರೆಪ್ ಬರಬೇಕು ಎಂದು ಇಟ್ಟುಕೊಂಡು, ಹಳೆಯ ಭಾರದಲ್ಲಿ ಎಷ್ಟು ರೆಪ್ ಮಾಡಿದ ಮೇಲೆ ಏರಬಹುದು ಎಂದು ಬಿಡಿಸಿದೆ. ಡೆಡ್‌ಲಿಫ್ಟ್ 60ರಿಂದ 65ಕ್ಕೆ: 9 ರೆಪ್. ಸ್ಕ್ವಾಟ್ 45ರಿಂದ 50ಕ್ಕೆ: 10. ಬೆಂಚ್ 25ರಿಂದ 30ಕ್ಕೆ: 13!

ಅಂದರೆ ಬೆಂಚ್‌ನಲ್ಲಿ 8ರಿಂದ 12ರ ವ್ಯಾಪ್ತಿ ಇಟ್ಟುಕೊಂಡು, 12 ಬಂದ ಕೂಡಲೇ ಏರಿಸಿದರೆ ಎಂಟಲ್ಲ, ಆರೂ ಬರುವುದಿಲ್ಲ. ಎರಡು ತಿಂಗಳಿಂದ ನನಗೆ ಆಗುತ್ತಿರುವುದು ಅದೇ. 30ಕ್ಕೆ ಹೋಗುತ್ತೇನೆ, ನಾಲ್ಕರಲ್ಲಿ ಸಿಕ್ಕಿಕೊಳ್ಳುತ್ತೇನೆ, ತಲೆ ತಗ್ಗಿಸಿ 25ಕ್ಕೆ ಮರಳುತ್ತೇನೆ. 80 ಕಿಲೋ ಒತ್ತುವ ಹುಡುಗನಿಗೆ 5 ಕಿಲೋ ಎಂದರೆ ಹದಿನಾರರಲ್ಲಿ ಒಂದು ಪಾಲು, ನನಗೆ ಐದರಲ್ಲಿ ಒಂದು ಪಾಲು. ರೆಪ್‌ನ ವ್ಯಾಪ್ತಿ ಎಷ್ಟು ಅಗಲ ಇರಬೇಕು ಎಂಬುದನ್ನು ನಿರ್ಧರಿಸುವುದು ನನ್ನ ಗುರಿಯಲ್ಲ, ಜಿಮ್ ಮಾಲೀಕರು ತಂದಿಟ್ಟ ಸಣ್ಣ ಪ್ಲೇಟ್!

ಹಳೇ ಲಿಫ್ಟರ್, ಕುಂದಾಪುರ

ಟೀಚರೇ, ಮೂವತ್ತು ವರ್ಷ ಎತ್ತಿದವನಿಗೆ ಇದು ಹೊಳೆದಿರಲಿಲ್ಲ. ಒಂದೇ ಎಚ್ಚರಿಕೆ: ಆ ಸೂತ್ರ ಹತ್ತು ರೆಪ್ ದಾಟಿದ ಮೇಲೆ ಸಡಿಲವಾಗುತ್ತದೆ. ಹದಿಮೂರನ್ನು ಹನ್ನೆರಡರಿಂದ ಹದಿನೈದು ಎಂದು ಓದಿಕೊಳ್ಳಿ. ಅದಕ್ಕಿಂತ ಒಳ್ಳೆಯದು, ಒಂದೂಕಾಲು ಕಿಲೋದ ಒಂದು ಜೊತೆ ಪ್ಲೇಟ್ ನೀವೇ ಕೊಂಡು ಚೀಲದಲ್ಲಿ ಒಯ್ಯಿರಿ. ಕೊಳ್ಳುವ ಮುಂಚೆ ರಾಡ್‌ನ ತುದಿ ಅಳೆಯಿರಿ. ಒಂದು ಇಂಚಿನ ತೂತಿನದೂ ಇದೆ, ಎರಡು ಇಂಚಿನದೂ ಇದೆ, ತಪ್ಪು ತಂದರೆ ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ರಾಡ್ ತೂಗಿದಿರಾ ಎಂದು ಕೇಳಿದ್ದೆ.

ಲೆಕ್ಕದ ಮೇಡಂ, ಹಾಸನ

ಮೂರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಸ್ಕ್ವಾಟ್, ಮೂರು ನಿಮಿಷ ವಿಶ್ರಾಂತಿ, ವ್ಯಾಪ್ತಿ 6ರಿಂದ 10: ಮೊದಲ ವಾರ 10, 9, 8. ಎರಡನೆಯ ವಾರ 10, 10, 9. ಮೂರನೆಯ ವಾರ ಮೂರರಲ್ಲೂ ಹತ್ತು. ನಾಳೆ 5 ಕಿಲೋ ಏರಿಸುತ್ತೇನೆ. ಡೆಡ್‌ಲಿಫ್ಟ್ ಏರಿದೆ, ಆದರೆ ಮೂರನೆಯ ಸೆಟ್‌ನಲ್ಲಿ ಹಿಡಿತ ಜಾರುತ್ತದೆ. ಅದು ಬೇರೆ ಪ್ರಶ್ನೆ, ಬೇರೆಯಾಗಿ ಕೇಳುತ್ತೇನೆ. ರ‍್ಯಾಕ್‌ನಲ್ಲಿ ಈಗ ನನ್ನ ಜೊತೆ ಡಿಪ್ಲೊಮಾ ಓದುವ ಒಬ್ಬ ಹುಡುಗ ಎತ್ತುತ್ತಾನೆ. ಅವನ 90 ಕಿಲೋ ಇಳಿಸಿ ನನ್ನದು ಹಾಕುವುದರಲ್ಲೇ ವಿಶ್ರಾಂತಿ ಮುಗಿಯುತ್ತದೆ, ಟೈಮರ್ ಆಫ್ ಮಾಡಿದ್ದೇನೆ. ನಡುವೆ ಅವನಿಗೆ ಮ್ಯಾಟ್ರಿಕ್ಸ್ ಹೇಳಿಕೊಡುವುದೂ ಆಗುತ್ತಿದೆ. ಅವನಿಗೆ ಅದು ಅಷ್ಟೇನೂ ಇಷ್ಟವಿದ್ದಂತಿಲ್ಲ.

ಇನ್ನು ರಾಡ್. ನಿನ್ನೆ ಜಿಮ್‌ನ ತೂಕದ ಯಂತ್ರದ ಮೇಲೆ ಬರಿಗೈಯಲ್ಲಿ ನಿಂತೆ, ಆಮೇಲೆ ರಾಡ್ ಹಿಡಿದು ನಿಂತೆ. ವ್ಯತ್ಯಾಸ 15 ಕಿಲೋ. ಆಪ್ 20 ಎಂದು ಹಿಡಿದಿತ್ತು, ನಾನೂ ನಂಬಿದ್ದೆ. ನಾಲ್ಕು ತಿಂಗಳಿಂದ ನಾನು ಎತ್ತಿದ ಪ್ರತಿ ರೆಪ್‌ನಲ್ಲೂ 5 ಕಿಲೋ ಸುಳ್ಳು. ಮೊದಲ ದಿನ ಹೆಮ್ಮೆಯಿಂದ ಬರೆದ 1,305 ನಿಜವಾಗಿ 1,160. ಬೆಂಚ್ 25 ಅಲ್ಲ, 20. ಸೂತ್ರದಲ್ಲಿ ಹಾಕಿದರೆ 20ರಿಂದ 25ಕ್ಕೆ ಹೋಗಲು 15 ರೆಪ್ ಬೇಕು. ನಾನು ನಾಲ್ಕರಲ್ಲಿ ಸಿಕ್ಕಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಒಂದೂಕಾಲು ಕಿಲೋ ಪ್ಲೇಟ್ ಜೊತೆ ತರಿಸಿದ್ದೇನೆ, ಎರಡು ಇಂಚಿನ ತೂತಿನದು, ಅಳೆದು. ಇನ್ನು 20ರಿಂದ 22.5ಕ್ಕೆ, ಹತ್ತು ಹನ್ನೊಂದು ಬಂದರೆ ಸಾಕು.

ಆಪ್‌ನಲ್ಲಿ ರಾಡ್‌ನ ತೂಕ ಬದಲಿಸಿದರೆ ಹಳೆಯ ದಾಖಲೆ ತಿದ್ದುವುದಿಲ್ಲ, ಒಂದೊಂದನ್ನೂ ನಾವೇ ತಿದ್ದಬೇಕು. ನಾನು ತಿದ್ದಲಿಲ್ಲ. ಹಾಗಾಗಿ ಇಂದು ಬೆಳಿಗ್ಗೆ ನಿಜವಾದ ತೂಕ ನಮೂದಿಸಿದ ಕೂಡಲೇ ಅದು "ನಿಮ್ಮ ಶಕ್ತಿ ಈ ವಾರ ಕುಸಿದಿದೆ, ವೈಯಕ್ತಿಕ ತರಬೇತುದಾರರು ಬೇಕೆ?" ಎಂದು ಕೇಳಿತು. ನೋಟ್‌ಬುಕ್‌ನಲ್ಲಿ ಮಾತ್ರ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ "ಮೇಲಿನ ಎಲ್ಲದರಿಂದ 5 ಕಳೆಯಿರಿ" ಎಂದು ಬರೆದಿದ್ದೇನೆ.